ಮರು: ಪತ್ರಿಕೋದ್ಯಮ ಪ್ರಾಜೆಕ್ಟಿಗೆ ಲೇಖನ ಎಲ್ಲಿ ಸಿಗುತ್ತವೆ?
ಹಾವೇರಿಯ ಸ್ಥಳೀಯ ಪತ್ರಿಕೆಗಳ ಮೇಲೆ ಪ್ರಾಜೆಕ್ಟು, ಗೂಗಲ್‌ನಲ್ಲಿ ಸಿಕ್ಕ ಲೇಖನಕ್ಕೆಲ್ಲ ದುಡ್ಡು ಕೇಳುತ್ತಾರೆ ಅಂದಿರಲ್ಲ, ಮೊದಲು ಶೋಧಗಂಗಾ ವೆಬ್‌ಸೈಟ್ ನೋಡ್ರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಉಚಿತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೂ ಇವೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಹುಡುಕಿ. ನಾನಂತೂ ಮೊದಲು ಪ್ರಬಂಧದ ಕೊನೆಯಲ್ಲಿರುವ ಆಕರ ಪಟ್ಟಿಯನ್ನೇ ತೆಗೆಯುತ್ತೇನೆ. ಯಾರೋ ವರ್ಷಗಟ್ಟಲೆ ಕೂತು ಮಾಡಿದ ಪಟ್ಟಿ, ಸುಮ್ನೆ ಬಿಡೋಕಾಗುತ್ತಾ? ಅದರಲ್ಲಿ ಕಂಡ ಇಂಗ್ಲಿಷ್ ಲೇಖನಗಳನ್ನು ಆಮೇಲೆ ಜೆಸ್ಟೋರ್ ಅನ್ನೋ ಸಂಶೋಧನಾ ಲೇಖನಗಳ ವೆಬ್‌ಸೈಟಿನಲ್ಲಿ ಹುಡುಕಿ. ಉಚಿತ ಖಾತೆ ತೆರೆದರೆ ಒಂದಷ್ಟು ಲೇಖನ ಅಲ್ಲೇ ಓದಬಹುದು.

ನಿಮ್ಮದು ಸರ್ಕಾರಿ ಕಾಲೇಜಾ? ಹಾಗಿದ್ದರೆ 2025ರಲ್ಲಿ ಶುರುವಾದ 'ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್' (ಸಂಶೋಧನಾ ಜರ್ನಲ್‌ಗಳನ್ನು ಓದಲು ಕೊಡುವ ಕೇಂದ್ರ ಸರ್ಕಾರದ ಯೋಜನೆ) ನಿಮ್ಮಲ್ಲಿ ಇದೆಯಾ ಅಂತ ಲೈಬ್ರರಿಯವರನ್ನು ಕೇಳಿ. ಸಣ್ಣ ಪತ್ರಿಕೆಗಳ ಹಳೇ ಸಂಚಿಕೆಗೆ ಮಾತ್ರ ಆ ಪತ್ರಿಕೆಯ ಆಫೀಸಿಗೇ ಹೋಗಿ ಫೈಲ್ ಬಿಚ್ಚಬೇಕು. ಧೂಳು ಜಾಸ್ತಿ, ಕರವಸ್ತ್ರ ಒಯ್ಯಿರಿ.