ಮಿಲಾನ್ ಕೆಲಸ ಮುಗಿದ ಮೇಲೆ ಮೂರು ದಿನ ಸಿಕ್ಕರೆ ಇಟಲಿಯಲ್ಲಿ ಎಲ್ಲಿಗೆ ಹೋಗಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಕ್ಟೋಬರ್‌ನಲ್ಲಿ ಆಫೀಸ್ ಕೆಲಸಕ್ಕೆ ಮಿಲಾನ್‌ಗೆ ಹೋಗುತ್ತಿದ್ದೀರಿ, ಜೊತೆಗೆ ಹೆಂಡತಿಯೂ ಬರುತ್ತಾರೆ. ಗುರುವಾರ ಸಂಜೆ ಕೆಲಸ ಮುಗಿಯುತ್ತದೆ, ಭಾನುವಾರ ರಾತ್ರಿಯೊಳಗೆ ಮತ್ತೆ ಮಿಲಾನ್ ಸೇರಬೇಕು. ಚಿತ್ರ, ಶಿಲ್ಪ ಅಂದರೆ ಇಬ್ಬರಿಗೂ ಇಷ್ಟ. ಊಟವೂ ಚೆನ್ನಾಗಿರಬೇಕು. ನೀವು ಎಲ್ಲ ತಿನ್ನುತ್ತೀರಿ, ಅವರು ಮೊಟ್ಟೆ ಬಿಟ್ಟರೆ ಬೇರೇನೂ ಮುಟ್ಟದ ಸಸ್ಯಾಹಾರಿ. ವೆನಿಸ್, ಫ್ಲಾರೆನ್ಸ್, ರೋಮ್ ಮೂರನ್ನೂ ದಿನಕ್ಕೊಂದರಂತೆ ಮುಗಿಸಬಹುದಾ ಅಂತ ಕೇಳಿದ್ದೀರಿ.

ಮುಗಿಸಬಹುದು. ರೈಲುಗಳು ಚೆನ್ನಾಗಿವೆ. ಆದರೆ ವಾಪಸ್ ಬಂದಾಗ ನೆನಪಿರುವುದು ನಿಮ್ಮ ಸೂಟ್‌ಕೇಸಿನ ಚಕ್ರದ ಸದ್ದು ಮಾತ್ರ. ನನ್ನ ಮಾತು ಕೇಳುವುದಾದರೆ ಮೂರನ್ನೂ ಬಿಟ್ಟುಬಿಡಿ, ಬೊಲೋನ್ಯಾಗೆ ಹೋಗಿ, ಮೂರು ರಾತ್ರಿಯೂ ಅಲ್ಲೇ ಉಳಿಯಿರಿ. ಮಿಲಾನ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಅಷ್ಟೆ. ಗುರುವಾರ ರಾತ್ರಿಯ ಊಟಕ್ಕೇ ಅಲ್ಲಿರುತ್ತೀರಿ.

ನಾನು ಜರ್ಮನಿಯಲ್ಲಿದ್ದೇನೆ. ಹೋದ ವರ್ಷ ಶಿವಮೊಗ್ಗದಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಇದೇ ಅಕ್ಟೋಬರ್‌ನಲ್ಲಿ ಹೋಗಿದ್ದೆ. ಅಮ್ಮ ಅಪ್ಪಟ ಸಸ್ಯಾಹಾರಿ, ಮೊಟ್ಟೆಗೆ ಮಾತ್ರ ಇತ್ತೀಚೆಗೆ ರಾಜಿಯಾಗಿದ್ದಾರೆ. ಹಾಗಾಗಿ ನಿಮ್ಮ ಹೆಂಡತಿಯ ಕಷ್ಟ ನನಗೆ ಗೊತ್ತು.

ಊರಿಗೆ ಇಟಲಿಯವರು ಮೂರು ಅಡ್ಡಹೆಸರು ಇಟ್ಟಿದ್ದಾರೆ: ಲಾ ದೊತ್ತಾ, ಲಾ ಗ್ರಾಸ್ಸಾ, ಲಾ ರೊಸ್ಸಾ. ಅಂದರೆ ಓದಿದವಳು, ಕೊಬ್ಬಿದವಳು, ಕೆಂಪಗಿನವಳು. ಓದಿದವಳು ಏಕೆಂದರೆ 1088ರಲ್ಲಿ ಶುರುವಾಯಿತೆನ್ನುವ ವಿಶ್ವವಿದ್ಯಾಲಯ ಅಲ್ಲಿದೆ. ಕೆಂಪು, ಇಟ್ಟಿಗೆಗೂ ಹೌದು, ಎಡಪಂಥದ ರಾಜಕೀಯಕ್ಕೂ ಹೌದು. ಕೊಬ್ಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲೇ ನಿಮ್ಮ ಹೆಂಡತಿ ಎಚ್ಚರವಾಗಿರಬೇಕಾದದ್ದು ಇರುವುದು.

ಇಳಿದ ತಕ್ಷಣ ಕಣ್ಣಿಗೆ ಬೀಳುವುದು ಪೋರ್ತಿಕೋಗಳು, ಅಂದರೆ ಕಂಬದ ಸಾಲಿನ ಜಗಲಿಗಳು. ಹಳೇ ಊರಿನಲ್ಲೇ ಇವು ಸುಮಾರು 38 ಕಿಲೋಮೀಟರ್ ಇವೆ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದವು. ಓದಲು ಬಂದವರಿಗೆ, ದುಡಿಯಲು ಬಂದವರಿಗೆ ಜಾಗ ಸಾಲದೆ ಜನ ಮೇಲಿನ ಮಹಡಿಯನ್ನು ಬೀದಿಯ ಮೇಲಕ್ಕೆ ಚಾಚಿ ಕೆಳಗೆ ಕಂಬ ಕೊಟ್ಟರು. ಬೇರೆ ಊರುಗಳು ಇಂಥದ್ದನ್ನು ಒತ್ತುವರಿ ಅಂತ ಕೆಡವಿದವು. ಬೊಲೋನ್ಯಾ 1288ರಲ್ಲಿ ತದ್ವಿರುದ್ಧ ಕಾನೂನು ಮಾಡಿತು: ಹೊಸ ಮನೆ ಕಟ್ಟಿದರೆ ಪೋರ್ತಿಕೋ ಇರಲೇಬೇಕು, ಕುದುರೆ ಮೇಲೆ ಕೂತವನು ಹಾದುಹೋಗುವಷ್ಟು ಎತ್ತರವಿರಬೇಕು, ಜಾಗ ಮನೆಯವನದು, ನಡೆಯುವ ಹಕ್ಕು ಊರಿನದು. ಸ್ತ್ರಾದಾ ಮಜ್ಜೋರೆಯಲ್ಲಿ ಕಾಸಾ ಇಸೊಲಾನಿ ಅನ್ನುವ ಮನೆಯ ಮುಂದೆ ಆ ಕಾಲದ ಮರದ ಕಂಬಗಳೇ ಇನ್ನೂ ನಿಂತಿವೆ. ಮೂರು ದಿನದಲ್ಲಿ ಎರಡು ದಿನ ಮಳೆ ಬಂದರೂ ನಾವು ಕೊಡೆ ಬಿಚ್ಚಿದ್ದು ರಸ್ತೆ ದಾಟುವಾಗ ಮಾತ್ರ.

ಈಗ ಮುಖ್ಯ ವಿಷಯ. ಈ ಊರಿನಲ್ಲಿ ನೀವು ಒಂದೇ ಒಂದು ನೋಡುವುದಾದರೆ ಸಾಂತಾ ಮಾರಿಯಾ ದೆಲ್ಲಾ ವೀತಾ ಚರ್ಚಿಗೆ ಹೋಗಿ. ದೊಡ್ಡ ಚೌಕದ ಪಕ್ಕದ ಮಾರ್ಕೆಟ್ ಬೀದಿಯಲ್ಲಿದೆ. ಹೊರಗೆ ಮೀನು, ಅಣಬೆ, ದ್ರಾಕ್ಷಿ ಮಾರುವ ಗದ್ದಲ. ಒಳಗೆ ಸಣ್ಣದೊಂದು ಟಿಕೆಟ್. ಬಲಿಪೀಠದ ಬಲಕ್ಕೆ ನೆಲದ ಮಟ್ಟದಲ್ಲೇ, ಸತ್ತು ಮಲಗಿದ ಕ್ರಿಸ್ತನ ಸುತ್ತ ಆರು ಜನ. ಸುಟ್ಟ ಮಣ್ಣಿನಲ್ಲಿ ಮಾಡಿದ ಆಳೆತ್ತರದ ಮೂರ್ತಿಗಳು, ಹದಿನೈದನೇ ಶತಮಾನದವು, ಮಾಡಿದವನು ನಿಕೊಲೊ ದೆಲ್ಲಾರ್ಕಾ. ಎಡಗಡೆ ಮೊಣಕಾಲೂರಿದ ಒಬ್ಬ ಗಂಡಸು, ಕೈಯಲ್ಲಿ ಸುತ್ತಿಗೆ, ನಡುವಿನಲ್ಲಿ ಇಕ್ಕಳ. ಈಗಷ್ಟೇ ಮೊಳೆ ಕಿತ್ತು ಶವ ಇಳಿಸಿದವನು. ಅವನು ಶವದ ಕಡೆ ನೋಡುತ್ತಿಲ್ಲ, ನಮ್ಮನ್ನು ನೋಡುತ್ತಿದ್ದಾನೆ. ಒಬ್ಬಳು ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಇನ್ನೊಬ್ಬಳು ಕಂಡದ್ದನ್ನೇ ಹಿಂದಕ್ಕೆ ತಳ್ಳುವವಳಂತೆ ಅಂಗೈ ಮುಂದೆ ಮಾಡಿದ್ದಾಳೆ. ಬಲತುದಿಯಲ್ಲಿ ಕ್ರಿಸ್ತನ ಶಿಷ್ಯೆ ಮಗ್ದಲೇನ ಮರಿಯ. ಓಡಿ ಬಂದ ರಭಸಕ್ಕೆ ಸೆರಗು, ಬಟ್ಟೆ ಎಲ್ಲ ಹಿಂದಕ್ಕೆ ಹಾರಿವೆ, ಬಾಯಿ ಪೂರಾ ತೆರೆದಿದೆ. ಮಣ್ಣಿನ ಬಾಯಿ ಅಷ್ಟು ಜೋರಾಗಿ ಕಿರುಚುವುದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಮ್ಮ ಅವಳ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, “ಇವಳು ಅಳ್ತಾ ಇಲ್ಲ ಕಣೇ, ಇವಳಿಗೆ ಈಗ ತಾನೆ ಗೊತ್ತಾಗಿದೆ” ಅಂದರು. ಇದಕ್ಕಿಂತ ಚೆನ್ನಾಗಿ ವಿವರಿಸಿದ ಗೈಡ್ ಪುಸ್ತಕ ನನಗೆ ಸಿಕ್ಕಿಲ್ಲ. ಆ ಚರ್ಚು ಆಗ ಆಸ್ಪತ್ರೆಗೆ ಸೇರಿದ್ದು, ರೋಗಿಗಳೂ ಅವರ ಮನೆಯವರೂ ಇದರ ಮುಂದೆ ನಿಂತಿದ್ದವರು ಅಂತ ಆಮೇಲೆ ಓದಿದೆ. ನಾವಿದ್ದ ಅರ್ಧ ಗಂಟೆಯಲ್ಲಿ ಬಂದವರು ಇನ್ನು ನಾಲ್ಕೇ ಜನ. ಫ್ಲಾರೆನ್ಸಿನಲ್ಲಿ ಇದು ಸಾಧ್ಯವಿಲ್ಲ. ನಾನು ಬೊಲೋನ್ಯಾ ಅನ್ನುವುದಕ್ಕೆ ಇದೊಂದೇ ಕಾರಣ ಸಾಕು.

ನಿಕೊಲೊಗೆ ಆ ಹೆಸರು ಬಂದದ್ದು ಇದೇ ಊರಿನ ಸಾನ್ ದೊಮೆನಿಕೋ ಚರ್ಚಿನ ಸಂತನ ಸಮಾಧಿ, ಅಂದರೆ ‘ಆರ್ಕಾ’ದ ಕೆಲಸದಿಂದ. 1494ರಲ್ಲಿ ಆತ ಸತ್ತ, ಕೆಲಸ ಅರ್ಧಕ್ಕೆ ನಿಂತಿತು. ಅದೇ ವರ್ಷ ಫ್ಲಾರೆನ್ಸಿನಲ್ಲಿ ಅಧಿಕಾರ ನಡೆಸುತ್ತಿದ್ದ ಮೆಡಿಚಿ ಮನೆತನ ಬೀಳುವ ಹೊತ್ತಿಗೆ ಅಲ್ಲಿಂದ ಓಡಿಬಂದ ಹತ್ತೊಂಬತ್ತರ ಹುಡುಗನೊಬ್ಬನಿಗೆ ಉಳಿದ ಮೂರು ಪುಟ್ಟ ಮೂರ್ತಿಗಳ ಕೆಲಸ ಸಿಕ್ಕಿತು. ಆ ಹುಡುಗ ಮೈಕೆಲೇಂಜೆಲೊ. ಸಮಾಧಿಯ ಬಲಮೂಲೆಯಲ್ಲಿ ಮೇಣದ ದೀಪ ಹಿಡಿದ ದೇವದೂತ ಅವನದು. ಎಡಮೂಲೆಯದು ನಿಕೊಲೊನದು. ಎರಡನ್ನೂ ಹೋಲಿಸಿ ನೋಡಿ: ನಿಕೊಲೊನ ದೂತ ಹೆಣ್ಣುಮಗುವಿನಷ್ಟು ನಾಜೂಕು, ಮೈಕೆಲೇಂಜೆಲೊನದು ಗರಡಿಮನೆ ಹುಡುಗ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಮಧ್ಯಾಹ್ನ ಮಾತ್ರ ಇಲ್ಲಿನ ಚರ್ಚುಗಳು ಬಹಳಷ್ಟು ಬಾಗಿಲು ಹಾಕುತ್ತವೆ, ಬೆಳಗ್ಗೆಯೇ ಹೋಗಿಬನ್ನಿ.

ಪಿನಾಕೊತೇಕಾ ಅನ್ನುವ ಚಿತ್ರಶಾಲೆಗೆ ಒಂದೂವರೆ ಗಂಟೆ ಇಡಿ. ಸೋಮವಾರ ರಜೆ, ನಿಮಗೆ ತೊಂದರೆಯಿಲ್ಲ. ಅಲ್ಲಿ ರಫಾಯೆಲ್‌ನ ಸಂತ ಸಿಸಿಲಿಯಾ ಚಿತ್ರವಿದೆ. ಸಂಗೀತದ ಅಧಿದೇವತೆಯಂಥವಳು ಆಕೆ. ಆದರೆ ಚಿತ್ರದಲ್ಲಿ ವಾದ್ಯಗಳೆಲ್ಲ ಕಾಲಬುಡದಲ್ಲಿ ಮುರಿದು ಬಿದ್ದಿವೆ, ಕೈಯಲ್ಲಿರುವ ಪುಟ್ಟ ಆರ್ಗನ್ ತಲೆಕೆಳಗಾಗಿ ಕೊಳವೆಗಳು ಒಂದೊಂದಾಗಿ ಜಾರುತ್ತಿವೆ. ಆಕೆಗೆ ಅದರ ಪರಿವೆಯಿಲ್ಲ, ಮೇಲೆ ಹಾಡುತ್ತಿರುವ ದೇವದೂತರ ಕಡೆ ಮುಖ. ನೆಪೋಲಿಯನ್‌ನ ಜನ ಇದನ್ನು ಪ್ಯಾರಿಸ್‌ಗೆ ಹೊತ್ತೊಯ್ದಿದ್ದರು, 1815ರಲ್ಲಿ ವಾಪಸ್ ಬಂತು. ಗ್ವಿದೋ ರೇನಿಯ ದೊಡ್ಡ ದೊಡ್ಡ ಚಿತ್ರಗಳೂ ಅಲ್ಲಿವೆ, ನನಗೆ ಅಷ್ಟಕ್ಕಷ್ಟೆ. ಜೀವನವಿಡೀ ಹೆಚ್ಚಾಗಿ ಬಾಟಲಿಗಳನ್ನೇ ಬರೆದ ಚಿತ್ರಕಾರ ಮೊರಾಂದಿ (1890–1964) ಇದೇ ಊರಿನವನು, ಅವನ ಚಿತ್ರಗಳು ಮಾಂಬೋ ಮ್ಯೂಸಿಯಮ್ಮಿನಲ್ಲಿವೆ. ಪುರುಸೊತ್ತಿದ್ದರೆ ಹೋಗಿ.

ದೊಡ್ಡ ಚೌಕದ ಸಾನ್ ಪೆತ್ರೋನಿಯೋ ಚರ್ಚನ್ನು 1390ರಲ್ಲಿ ಶುರುಮಾಡಿದವರು ಮುಂಭಾಗಕ್ಕೆ ಕೆಳಗರ್ಧ ಅಮೃತಶಿಲೆ ಹೊದಿಸಿ ನಿಲ್ಲಿಸಿಬಿಟ್ಟಿದ್ದಾರೆ, ಮೇಲರ್ಧ ಬರೀ ಇಟ್ಟಿಗೆ. ಒಳಗೆ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಗೆರೆ, ಖಗೋಳಜ್ಞ ಕಸ್ಸಿನಿ 1655ರಲ್ಲಿ ಹಾಕಿಸಿದ್ದು. ಚಾವಣಿಯ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆ ಸೂರ್ಯ ನೆತ್ತಿಗೆ ಬಂದಾಗ ಈ ಗೆರೆ ದಾಟುತ್ತದೆ. ಅಕ್ಟೋಬರ್‌ನಲ್ಲಿ ಗಡಿಯಾರದ ಒಂದು ಗಂಟೆ ಸುಮಾರಿಗೆ. ಆ ಹೊತ್ತಿಗೆ ಬಾಗಿಲು ತೆರೆದಿರುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನಮಗೆ ಮೋಡ ಕೈಕೊಟ್ಟಿತು. ಅದೇ ಚೌಕದಲ್ಲಿ ಪಲಾತ್ಸೋ ದೆಲ್ ಪೊದೆಸ್ತಾ ಕಟ್ಟಡದ ಕೆಳಗಿನ ಕಮಾನಿನಲ್ಲಿ ಎದುರುಬದುರು ಮೂಲೆಗೆ ಮುಖ ಹಾಕಿ ಪಿಸುಗುಟ್ಟಿದರೆ ಆಚೆಯವರಿಗೆ ಕೇಳಿಸುತ್ತದೆ. ಗೋಳಗುಮ್ಮಟ ಹತ್ತಿದ ನಮಗೆ ಇದೇನು ಮಹಾ ಅನ್ನಿಸಬಹುದು, ಆದರೂ ಹೆಂಡತಿಗೆ ಒಂದು ಮಾತು ಹೇಳಿ ನೋಡಿ. ಊರಿನ ಎರಡು ಓರೆ ಗೋಪುರಗಳನ್ನು ಹತ್ತುವ ಆಸೆ ಬೇಡ. ಗಾರಿಸೆಂದಾ ಗೋಪುರದ ದುರಸ್ತಿಗಾಗಿ 2023ರ ಅಕ್ಟೋಬರ್‌ನಿಂದ ಪಕ್ಕದ 97 ಮೀಟರಿನ ಅಸಿನೆಲ್ಲಿಯನ್ನೂ ಮುಚ್ಚಿದ್ದಾರೆ.

ಇನ್ನು ಹೊಟ್ಟೆಪಾಡು. ಮೊದಲು ನಿಮ್ಮದು. ‘ಸ್ಪಾಗೆಟ್ಟಿ ಬೊಲೊನೀಸ್’ ಅಂತ ಕೇಳಿ ಮರ್ಯಾದೆ ಕಳೆದುಕೊಳ್ಳಬೇಡಿ, ಅಲ್ಲಿ ಅದು ಮಾಂಸದ ಗೊಜ್ಜು ಹಾಕಿದ ತಾಲ್ಯಾತೆಲ್ಲೆ ಅಲ್ ರಗು. ಮೊಟ್ಟೆ ಹಾಕಿ ಕಲಸಿ ಲಟ್ಟಿಸಿ ಕತ್ತರಿಸಿದ ಪಟ್ಟಿ. ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರಬೇಕು ಅಂತ 1972ರಲ್ಲಿ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿ, ಚಿನ್ನದ ಮಾದರಿಯೊಂದನ್ನೂ ಇಟ್ಟಿದ್ದಾರೆ. ತೊರ್ತೆಲ್ಲಿನಿ ಅಂದರೆ ಕಿರುಬೆರಳಿನ ಉಂಗುರದಂಥ ಕಡುಬು, ಹೂರಣ ಹಂದಿಮಾಂಸ, ಅದನ್ನು ಮಾಂಸದ ಸಾರಿನಲ್ಲಿ ಕೊಡುತ್ತಾರೆ. ಮೊರ್ತದೆಲ್ಲಾ ಅನ್ನುವ ದಪ್ಪನೆಯ ಹಂದಿಮಾಂಸದ ಸಾಸೇಜನ್ನು ಮಾರ್ಕೆಟ್ಟಿನಲ್ಲಿ ಕಾಗದದಷ್ಟು ತೆಳ್ಳಗೆ ಸೀಳಿಸಿಕೊಂಡು ಪೊಟ್ಟಣ ಹಿಡಿದು ಓಸ್ತೆರಿಯಾ ದೆಲ್ ಸೋಲೆಗೆ ಹೋಗಿ. 1465ರಿಂದ ಇರುವ ವೈನ್ ಅಂಗಡಿ. ಅವರು ಕುಡಿಯಲು ಮಾತ್ರ ಕೊಡುತ್ತಾರೆ, ತಿನ್ನುವುದು ನಿಮ್ಮದೇ ತರಬೇಕು.

ನಿಮ್ಮ ಹೆಂಡತಿಗೆ ತೊರ್ತೆಲ್ಲೋನಿ. ಒಂದಕ್ಷರದ ವ್ಯತ್ಯಾಸ, ಬದುಕಿನಷ್ಟು ಅಂತರ. ದೊಡ್ಡ ಕಡುಬು, ಒಳಗೆ ರಿಕೊತ್ತಾ ಗಿಣ್ಣು, ಮೇಲೆ ಕಾಸಿದ ಬೆಣ್ಣೆ ಮತ್ತು ಸೇಜ್ ಎಲೆ: ‘ಬುರ್ರೊ ಎ ಸಾಲ್ವಿಯಾ’. ಅಮ್ಮ ಮೂರು ದಿನದಲ್ಲಿ ನಾಲ್ಕು ಸಲ ತಿಂದರು. ಆದರೂ ಆರ್ಡರ್ ಕೊಡುವಾಗ ಬಿಡಿಸಿ ಹೇಳಿ. ಒಂದು ಕಡೆ ವೆಜಿಟೇರಿಯನ್ ಅಂದರೂ ಮೇಲೆ ಹಂದಿತೊಡೆಯ ಚೂರು ಉದುರಿಸಿ ತಂದರು. ಕೇಳಿದರೆ “ಇದು ಮಾಂಸ ಅಲ್ಲ, ಪ್ರೊಶುತ್ತೋ” ಅಂತ ಮುಗ್ಧವಾಗಿ ನಕ್ಕರು. ಅವತ್ತಿನಿಂದ ನಾನು ಕಲಿತ ವಾಕ್ಯ: “ಸೆಂತ್ಸಾ ಕಾರ್ನೆ, ಸೆಂತ್ಸಾ ಪ್ರೊಶುತ್ತೋ, ಸೆಂತ್ಸಾ ಸ್ತ್ರುತ್ತೋ.” ಮಾಂಸ ಬೇಡ, ಪ್ರೊಶುತ್ತೋ ಬೇಡ, ಸ್ತ್ರುತ್ತೋ ಬೇಡ ಅಂತ. ಸ್ತ್ರುತ್ತೋ ಅಂದರೆ ಹಂದಿಕೊಬ್ಬು, ಊರಿನ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಕ್ರೆಶೆಂತೀನೆ ಅನ್ನುವ, ಪೂರಿಯಂತೆ ಕರಿದ ಬಿಸಿಬಿಸಿ ರೊಟ್ಟಿಯ ಹಿಟ್ಟಿಗೂ ಅದನ್ನು ಹಾಕುತ್ತಾರೆ, ಕರಿಯುವುದಕ್ಕೂ ಅದನ್ನೇ ಬಳಸುವವರಿದ್ದಾರೆ. ಫ್ರಿಜ್ಜೋನೆ ಅಂತ ಒಂದಿದೆ, ಈರುಳ್ಳಿ ಟೊಮ್ಯಾಟೊವನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬಾಡಿಸಿದ್ದು, ನೋಡಲು ಥೇಟ್ ನಮ್ಮ ಈರುಳ್ಳಿ ಗೊಜ್ಜು. ಹಳೇ ಕ್ರಮದಲ್ಲಿ ಅದಕ್ಕೂ ಎರಡು ಚಮಚ ಸ್ತ್ರುತ್ತೋ. ಎಣ್ಣೆಯಲ್ಲಿ ಮಾಡುವ ಕಡೆ ಕೇಳಿ ತಿನ್ನಬೇಕು. ಪಸ್ಸತೆಲ್ಲಿ ಚಕ್ಕುಲಿ ಒರಳಿನಂಥದರಲ್ಲಿ ಒತ್ತಿದ ಬ್ರೆಡ್‌ಪುಡಿ-ಗಿಣ್ಣಿನ ಶಾವಿಗೆ, ಹಿಟ್ಟಿನಲ್ಲಿ ಮಾಂಸವಿಲ್ಲ, ಅದು ಮುಳುಗಿರುವ ಸಾರಿನಲ್ಲಿದೆ. ಸಿಹಿಗೆ ತೋರ್ತಾ ದಿ ರೀಸೋ, ಹಾಲು, ಅಕ್ಕಿ, ಬಾದಾಮಿ, ಮೊಟ್ಟೆಯದು, ಪಾಯಸವನ್ನು ಗಟ್ಟಿಮಾಡಿ ಕತ್ತರಿಸಿದ ಹಾಗೆ.

ಒಂದು ಕಹಿ ಸತ್ಯ: ಪಾರ್ಮಿಜಾನೋ ಗಿಣ್ಣಿನ ಹಾಲನ್ನು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಿಯಮವೇ ಹಾಗೆ, ವೆಜಿಟೇರಿಯನ್ ಪಾರ್ಮಿಜಾನೋ ಅಂತ ಇಲ್ಲ. ತೊರ್ತೆಲ್ಲೋನಿಯ ಹೂರಣದಲ್ಲಿ, ಮೇಲೆ, ಎಲ್ಲೆಲ್ಲೂ ಅದೇ. ಹೊರಡುವ ಮುಂಚೆಯೇ ಹೆಂಡತಿಗೆ ಹೇಳಿ, ತಿನ್ನುವುದು ಬಿಡುವುದು ಅವರಿಷ್ಟ. ನಾನು ಅಮ್ಮನಿಗೆ ಹೇಳಿದ್ದು ಮೂರನೇ ತಟ್ಟೆ ಆದಮೇಲೆ. ಅಮ್ಮ ನಾಲ್ಕನೆಯದನ್ನು ತಿಂದರು, ಆದರೆ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಭಾನುವಾರಕ್ಕೆ ಎರಡು ದಾರಿ. ಕಾಲಲ್ಲಿ ಶಕ್ತಿಯಿದ್ದರೆ 666 ಕಮಾನುಗಳ ಕೆಳಗೆ ಸುಮಾರು ನಾಲ್ಕು ಕಿಲೋಮೀಟರ್ ನಡೆದು ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿಗೆ. ಇಲ್ಲವೇ ಲೋಕಲ್ ರೈಲಿನಲ್ಲಿ ಒಂದೂಕಾಲು ಗಂಟೆ ರವೆನ್ನಾಗೆ. ನನ್ನ ಓಟು ರವೆನ್ನಾಗೆ. ರೋಮನ್ ರಾಣಿ ಗಾಲ್ಲಾ ಪ್ಲಚೀದಿಯಾಳ ಹೆಸರಿನ ಪುಟ್ಟ ಇಟ್ಟಿಗೆ ಕಟ್ಟಡ ಹೊರಗಿನಿಂದ ಗೋದಾಮಿನಂತಿದೆ. ತಲೆ ಬಗ್ಗಿಸಿ ಒಳಹೊಕ್ಕರೆ ಗರ್ಭಗುಡಿಯ ಕತ್ತಲು, ಕಣ್ಣು ಹೊಂದಿಕೊಳ್ಳುತ್ತಿದ್ದ ಹಾಗೆ ಕಡುನೀಲಿ ಚಾವಣಿಯಲ್ಲಿ ಚಿನ್ನದ ನಕ್ಷತ್ರಗಳು ಒಂದೊಂದಾಗಿ ಮೂಡುತ್ತವೆ. ಐದನೇ ಶತಮಾನದ ಗಾಜಿನ ಚೂರುಗಳು ಅವು. ಒಳಗೆ ಕೆಲವೇ ನಿಮಿಷ ಬಿಡುತ್ತಾರೆ, ಸಮಯ ಮೊದಲೇ ಕಾದಿರಿಸಿ. ಕಾಗದದ ಲೋಕಲ್ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಮರೆತರೆ ದಂಡ.

ಹೋಟೆಲ್ ಕಾದಿರಿಸುವ ಮುಂಚೆ ನಿಮ್ಮ ದಿನಾಂಕಗಳಲ್ಲಿ ಅಲ್ಲಿ ಟ್ರೇಡ್ ಫೇರ್ ಇದೆಯಾ ನೋಡಿ. ಇದ್ದರೆ ಬಾಡಿಗೆ ಬಾಯಿಗೆ ಬಂದಷ್ಟು. ಹಾಗೇನಾದರೂ ಆದರೆ ಇಲ್ಲೇ ತಿಳಿಸಿ, ಹತ್ತಿರದ ಮೊದೆನಾ ಊರಿನಲ್ಲಿ ಉಳಿದು ದಿನಾ ರೈಲಿನಲ್ಲಿ ಓಡಾಡುವ ಲೆಕ್ಕ ಹಾಕಿಕೊಡುತ್ತೇನೆ.