ಅವ್ವನ ಕೂಲಿ ಯಾವ ಸಾಲಿನಲ್ಲಿ?

ಎಂಜಿನಿಯರಿಂಗ್ ಕಾಲೇಜಿನ ಆಪ್ತಸಲಹೆ ಕೊಠಡಿಗೆ ಐದನೆಯ, ಆರನೆಯ ಸೆಮಿಸ್ಟರಿನಲ್ಲಿ ಬರುವ ಮಕ್ಕಳ ಕೈಯಲ್ಲಿ ಈಚೆಗೆ ಒಂದು ಫೈಲ್ ಇರುತ್ತದೆ. ಅದರ ತುಂಬ ಪ್ರಮಾಣಪತ್ರಗಳು: ಹಣಕಾಸು ನಿರ್ವಹಣೆ, ನಾಯಕತ್ವ, ಮಾರುಕಟ್ಟೆ ತಂತ್ರ. ಕ್ಯಾಂಪಸ್ ಸಂದರ್ಶನ ಹತ್ತಿರವಾದಂತೆ ಫೈಲ್ ದಪ್ಪವಾಗುತ್ತದೆ, ಮುಖ ಸಣ್ಣದಾಗುತ್ತದೆ. ಇಂಥವರಲ್ಲಿ ಒಬ್ಬನ ವಿಷಯದಲ್ಲಿ ನಾನು ಎಡವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ವಿಜಯಪುರದ ಕಡೆಯ ಹುಡುಗ. ಮೆಕ್ಯಾನಿಕಲ್, ಆರನೆಯ ಸೆಮಿಸ್ಟರ್, ಎರಡು ವಿಷಯ ಬಾಕಿ. ರಾತ್ರಿ ಎರಡರವರೆಗೆ ಆನ್‌ಲೈನ್ ಪಾಠ, ಆಮೇಲೂ ನಿದ್ದೆ ಬಾರದು. 48,000 ರೂಪಾಯಿಯ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಕಂತಿನ ಮೇಲೆ ಸೇರಿದ್ದ, ಮನೆಗೆ ತಿಳಿಸಿರಲಿಲ್ಲ. ತಂದೆ ಇಲ್ಲ. ತಾಯಿಯದು “ಸಣ್ಣ ಬಿಸಿನೆಸ್” ಎಂದಷ್ಟೇ ಮೊದಲೆರಡು ಭೇಟಿಗಳಲ್ಲಿ ಹೇಳಿದ್ದ. ಅವರು ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾರೆ ಎಂಬುದು ಮೂರನೆಯ ಭೇಟಿಯಲ್ಲಿ, ಅದೂ ನಾನು ಕೆದಕಿದ ಮೇಲೆ ಹೊರಬಿತ್ತು.

“ನನಗೆ ವ್ಯವಹಾರ ಜ್ಞಾನವೇ ಇಲ್ಲ ಮೇಡಂ. ಬರೀ ಎಂಜಿನಿಯರ್ ಆದರೆ ಯಾರು ಕೇಳುತ್ತಾರೆ? ಎಂಬಿಎ ಮಾಡಲೇಬೇಕು.” ಪ್ರತಿ ಸಲವೂ ಇದೇ ಮಾತು.

ಎಂಜಿನಿಯರಿಂಗ್ ಪಠ್ಯದಲ್ಲಿ ನಿರ್ವಹಣೆಯ ಪತ್ರಿಕೆ ಇಲ್ಲವೆಂದಲ್ಲ. ಹೆನ್ರಿ ಫಯೋಲರ 14 ತತ್ವಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುತ್ತಾರೆ. 1916ರಲ್ಲಿ ಅವನ್ನು ಪ್ರಕಟಿಸಿದ ಫಯೋಲ್ ಗಣಿ ಎಂಜಿನಿಯರ್ ಆಗಿದ್ದರು. ಗಡಿಯಾರ ಹಿಡಿದು ಕೆಲಸದ ವೇಳೆ ಅಳೆದ ಟೇಲರ್ ಮೆಕ್ಯಾನಿಕಲ್ ಎಂಜಿನಿಯರ್. ಕೆಲಸಗಳ ವೇಳಾಪಟ್ಟಿಯನ್ನು ಗೆರೆಗಳಲ್ಲಿ ತೋರಿಸುವ ಗ್ಯಾಂಟ್ ಚಾರ್ಟಿನ ಗ್ಯಾಂಟ್ ಕೂಡ ಅದೇ. ಗಣಿಯಲ್ಲಿ, ಕಾರ್ಖಾನೆಯಲ್ಲಿ ಬೆಳೆದ ವಿದ್ಯೆಯನ್ನು ಎಂಜಿನಿಯರಿಂಗ್ ಓದುವವರೇ ತಮ್ಮದಲ್ಲವೆಂದು ಹೆದರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಪ್ತಸಲಹೆಗಾರರಿಗೆ ಸಿಟ್ಟು ಸಲ್ಲದಂತೆ. ಇರಲಿ.

ಆ ಮೂರನೆಯ ಭೇಟಿಯಲ್ಲಿ, ಬ್ರೇಕ್ ಈವನ್, ಅಂದರೆ ಲಾಭವೂ ನಷ್ಟವೂ ಇಲ್ಲದ ಹಂತ, ಕಂಡುಹಿಡಿಯುವುದು ಹೇಗೆ ಎಂದು ಕೇಳಿದೆ. ಬೆಲೆಯಲ್ಲಿ ಬದಲಾಗುವ ವೆಚ್ಚವನ್ನು ಕಳೆದು, ಉಳಿದದ್ದರಿಂದ ಸ್ಥಿರ ವೆಚ್ಚವನ್ನು ಭಾಗಿಸಬೇಕು ಎಂದು ಥಟ್ಟನೆ ಹೇಳಿದ. ನೂರು ರೊಟ್ಟಿಗೆ ನಿನ್ನ ಅವ್ವನಿಗೆ ಎಷ್ಟು ಉಳಿಯುತ್ತದೆ ಎಂದೆ. ಗೊತ್ತಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿ ಕೇಳಿ ಬರೆದುಕೊಂಡ. ಬೀಸುವ ಖರ್ಚೂ ಸೇರಿ ಜೋಳದ ಹಿಟ್ಟು ಕಿಲೋಗೆ 45 ರೂಪಾಯಿ, ಕಿಲೋಗೆ 15 ರೊಟ್ಟಿ. ಅಂದರೆ ನೂರಕ್ಕೆ 300. ಗ್ಯಾಸು, ಕವರು 100. ಮಾರುವುದು 600ಕ್ಕೆ. ದಿನಕ್ಕೆ 150 ರೊಟ್ಟಿ, ಉಳಿಕೆ 300 ರೂಪಾಯಿ. ಹುಡುಗನ ಮುಖ ಅರಳಿತು.

“ಅವ್ವನ ಕೂಲಿ ಯಾವ ಸಾಲಿನಲ್ಲಿ ಬರೆದೆ?” ಎಂದು ಕೇಳಿದೆ.

ಬಲು ಜಾಣ ಪ್ರಶ್ನೆ ಕೇಳಿದೆನೆಂದು ಒಳಗೊಳಗೇ ಬೀಗಿದೆ ಕೂಡ. ಅವನ ಊರಿನಲ್ಲಿ ಹೆಣ್ಣಾಳಿನ ಹೊಲದ ಕೂಲಿ 350. ಅದನ್ನು ಸೇರಿಸಿದರೆ ದಿನಕ್ಕೆ 50 ರೂಪಾಯಿ ನಷ್ಟ. ಅವನು ಪೆನ್ನು ಕೆಳಗಿಟ್ಟ. ಹೊರಗೆ ಇನ್ನೊಬ್ಬಳು ಕಾಯುತ್ತಿದ್ದಳು. ಮುಂದಿನ ವಾರ ಬಾ ಎಂದು ಕಳುಹಿಸಿದೆ. ತಪ್ಪಿದ್ದು ಅಲ್ಲೇ. ಅರ್ಧ ಲೆಕ್ಕ ಕೈಗೆ ಕೊಟ್ಟು ಯಾರನ್ನೂ ಮನೆಗೆ ಕಳುಹಿಸಬಾರದು.

ಶನಿವಾರ ಊರಿಗೆ ಹೋದವನೇ, ರೊಟ್ಟಿ ಬಡಿಯುವುದು ನಷ್ಟದ ಕೆಲಸ, ನಿಲ್ಲಿಸು ಎಂದಿದ್ದಾನೆ. ನಾಲ್ಕನೆಯ ಭೇಟಿಯಲ್ಲಿ ತಲೆ ತಗ್ಗಿಸಿಕೊಂಡೇ ಹೇಳಿದ: “ಅವ್ವ ಮೊದಲು ನಕ್ಕಳು ಮೇಡಂ. ಆಮೇಲೆ ಬೈದಳು. ‘ಹೊಲದ ಕೂಲಿ ವರ್ಷದಲ್ಲಿ ನಾಲ್ಕು ತಿಂಗಳು ಸಿಕ್ಕರೆ ಹೆಚ್ಚು. ಆಗ ನಾನು ರೊಟ್ಟಿ ಅರ್ಧಕ್ಕೆ ಇಳಿಸಿ ಹೊಲಕ್ಕೆ ಹೋಗುವುದನ್ನು ನೀನು ನೋಡಿಲ್ಲವೇ? ಉಳಿದ ಎಂಟು ತಿಂಗಳು ನಿನ್ನ ಮುನ್ನೂರೈವತ್ತು ಯಾರು ಕೊಡುತ್ತಾರೆ, ನಿಮ್ಮ ಮೇಡಮ್ಮೇ?’ ಎಂದಳು.”

ನನ್ನ ಕಿವಿ ಬಿಸಿಯಾಯಿತು. ಆ ತಾಯಿ ಹೇಳಿದ್ದು ಅಪ್ಪಟ ಅರ್ಥಶಾಸ್ತ್ರ. ಒಂದು ಕೆಲಸಕ್ಕಾಗಿ ನಾವು ಕೈಬಿಟ್ಟ ಇನ್ನೊಂದು ಕೆಲಸದ ಗಳಿಕೆಯೇ ಅವಕಾಶ ವೆಚ್ಚ. ಕೈಬಿಡಲು ಇನ್ನೊಂದು ಕೆಲಸವೇ ಇಲ್ಲದ ತಿಂಗಳಿನಲ್ಲಿ ಹೊಲದ ಕೂಲಿಯನ್ನು ಲೆಕ್ಕಕ್ಕೆ ತುರುಕಿದ್ದು ನನ್ನ ಅರೆಬರೆ ತಿಳಿವಳಿಕೆ. ಹಾಗೆಂದು ಹೆಂಗಸರ ದುಡಿಮೆಗೆ ಬೆಲೆಯಿಲ್ಲ ಎಂದರೆ ನಾನು ಒಪ್ಪುವವಳಲ್ಲ. ಬೇರೆ ಕೆಲಸ ಸಿಗದಿರುವುದು ಊರಿನ ಕೊರತೆ, ಅವರದಲ್ಲ.

ತಾಯಿ ಇನ್ನೂ ಒಂದು ಮಾತು ಹೇಳಿದ್ದರು. ಖಾನಾವಳಿಯವರು ದುಡ್ಡು ಕೊಡುವುದು ತಿಂಗಳಿಗೊಮ್ಮೆ. ಹಾಗಾಗಿ ಜೋಳ ಉದ್ರಿ ತರಬೇಕು, ಉದ್ರಿಯಾದರೆ ಕಿಲೋಗೆ 3 ರೂಪಾಯಿ ಹೆಚ್ಚು. ನಷ್ಟ ಹುಡುಕುವುದಾದರೆ ಅಲ್ಲಿ ಹುಡುಕು ಎಂದರಂತೆ.

“ಇದು ದುಡಿಯುವ ಬಂಡವಾಳದ, ಅಂದರೆ ದಿನದ ವ್ಯವಹಾರ ನಡೆಸಲು ಕೈಯಲ್ಲಿರಬೇಕಾದ ದುಡ್ಡಿನ ಪಾಠ ಮೇಡಂ. ಅದರಲ್ಲಿ ನನಗೆ 86 ಅಂಕ ಬಂದಿದೆ” ಎಂದು ಅವನು ನಕ್ಕ. ನಾಲ್ಕು ಭೇಟಿಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಸಲಹೆ ಕೊಟ್ಟಿದ್ದು ಆಮೇಲೆ. ಕೋರ್ಸಿನ ಕಂತನ್ನು ಕಟ್ಟಲೇಬೇಕು, ಆದರೆ ದುಡ್ಡು ಹೋಯಿತೆಂದು ನಿದ್ದೆಯನ್ನೂ ಅದರ ಹಿಂದೆ ಕಳುಹಿಸಬೇಡ. ಬಾಕಿ ವಿಷಯ ಮೊದಲು. ಸಾಲದ ವಿಷಯವನ್ನು ಅವ್ವನಿಗೆ ನೀನೇ ಹೇಳು. ಅರ್ಥಶಾಸ್ತ್ರ ಬೇಕೆನಿಸಿದರೆ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಐಐಟಿ ಅಧ್ಯಾಪಕರ ಪಾಠಗಳಿವೆ; ಕೇಳಲು ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಒಂದನ್ನೇ ಆರಿಸಿಕೋ, ಪಕ್ಕದಲ್ಲಿ ರೊಟ್ಟಿಯ ಲೆಕ್ಕದ ಪುಸ್ತಕ ಇಟ್ಟುಕೋ. ಎಂಬಿಎ ಬೇಡವೆನ್ನಲಿಲ್ಲ. ಎರಡು ವರ್ಷ ಕಾರ್ಖಾನೆಯಲ್ಲಿ ದುಡಿದು ಹೋಗು ಎಂದೆ. ಎಂಬಿಎ ಪ್ರವೇಶದ ಕ್ಯಾಟ್ ಪರೀಕ್ಷೆ ಪ್ರತಿ ವರ್ಷವೂ ಇರುತ್ತದೆ.

ನಿದ್ದೆಗೆಟ್ಟು ಬಂದವನಿಗೆ ರೊಟ್ಟಿಯ ಲೆಕ್ಕ ಹೇಳಿಕೊಡುವುದು ಆಪ್ತಸಲಹೆಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟಿದ್ದೆ; ಮೂರು ದಿನ ಮಾಡಿ ಬಿಟ್ಟಿದ್ದ. ವ್ಯವಹಾರ ಗೊತ್ತಿಲ್ಲ ಎಂಬ ಭಯ ವ್ಯವಹಾರ ಕಂಡೇ ಹೋಗಬೇಕು. ಜೊತೆಗೆ, ಅವನು ಅಡಗಿಸಿಟ್ಟಿದ್ದ ರೊಟ್ಟಿಯ ನಾಚಿಕೆಯೂ ಇತ್ತಲ್ಲ.

ಸಾಲದ ವಿಷಯ ತಿಳಿದ ತಾಯಿ ಏನೆಂದರೋ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಬಾಕಿ ಎರಡರಲ್ಲಿ ಒಂದು ಪಾಸಾಯಿತು, ಇನ್ನೊಂದು ಹಾಗೇ ಇದೆ. ಮೊನ್ನೆ ಫೋನ್ ಮಾಡಿದ್ದ. ವಾರಕ್ಕೊಮ್ಮೆ ದುಡ್ಡು ಕೊಡಲು ಒಂದು ಖಾನಾವಳಿಯವರು ಒಪ್ಪಿದ್ದಾರಂತೆ, ಆದರೆ ನೂರು ರೊಟ್ಟಿಗೆ 25 ರೂಪಾಯಿ ಇಳಿಸಬೇಕಂತೆ. ಉದ್ರಿ ಬಿಟ್ಟು ರೊಕ್ಕ ಕೊಟ್ಟು ಜೋಳ ತಂದರೆ ನೂರು ರೊಟ್ಟಿಯ ಖರ್ಚಿನಲ್ಲಿ ಉಳಿತಾಯವಾಗುವುದು 20 ಮಾತ್ರ. ಒಪ್ಪಬೇಕೇ ಬೇಡವೇ ಎಂದು ನಾನು ಕಾಗದ ಹುಡುಕುತ್ತಿದ್ದೆ.

“ಬೇಡ ಮೇಡಂ, ಸುಮ್ಮನೆ ನಿಮಗೆ ಹೇಳೋಣ ಎಂದು ಮಾಡಿದೆ. ನಾನು ಲೆಕ್ಕ ಮುಗಿಸುವಷ್ಟರಲ್ಲಿ ಅವ್ವ ಹೋಗಿ 10ಕ್ಕೆ ಒಪ್ಪಿಸಿ ಬಂದಳು” ಎಂದ.