ಗರಗಸ, ಅಗಸ, ದಸರ: ನಲಿಕಲಿ ಕ್ಲಾಸಲ್ಲಿ ಒಂದು ವಾರ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಸರ್ಕಾರಿ ಶಾಲೆಯ ಒಂದರಿಂದ ಮೂರನೇ ಕ್ಲಾಸಿನ ಬಗ್ಗೆನೇ ಇವೆ. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಬರೀ ನಲಿಕಲಿ ಬಗ್ಗೆ, ಅಂದ್ರೆ ಆ ಮೂರು ಕ್ಲಾಸಿನ ಮಕ್ಕಳು ಹಾಡು, ಕಥೆ, ಕಾರ್ಡುಗಳ ಮೂಲಕ ಕಲಿಯೋ ಪದ್ಧತಿ ಬಗ್ಗೆ ಮಾತಾಡೋಣ.

ಪ್ರಶ್ನೆ: ಟೀಚರ್, ಈ ವರ್ಷ ಮಗಳನ್ನ ಕಾನ್ವೆಂಟ್ ಬಿಡಿಸಿ ಊರಿನ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದೀವಿ. ಹೋದ ವಾರ ಸೋಮವಾರದಿಂದ ಶನಿವಾರದ ತನಕ ಒಂದು ದಿನಾನೂ ತಪ್ಪಿಸದೆ ಹೋಗಿದಾಳೆ, ಬ್ಯಾಗ್ ತೆಗೆದು ನೋಡಿದ್ರೆ ನೋಟ್‌ಬುಕ್ಕಲ್ಲಿ ಏನೂ ಇಲ್ಲ. ಕೇಳಿದ್ರೆ ಹಾಡು ಹೇಳಿದ್ವಿ, ಬೀಜ ಎಣಿಸಿದ್ವಿ, ರ ಗ ಸ ಬರೆದ್ವಿ ಅಂತಾಳೆ. ಅ ಆ ಇ ಈ ಬಿಟ್ಟು ರ ದಿಂದ ಯಾಕೆ ಶುರು ಮಾಡ್ತಾರೆ? ನಮ್ಮತ್ತೆಯಂತೂ ದಿನಾ ಮಗು ಓದು ಹಾಳು ಮಾಡಿದ್ರಿ ಅಂತಿದಾರೆ.
– ಒಬ್ಬ ತಾಯಿ, ಅರಸೀಕೆರೆ ಕಡೆಯಿಂದ

ಉತ್ತರ: ಮೊದಲು ನಿಮ್ಮತ್ತೆಯವರಿಗೆ ಧೈರ್ಯ ಹೇಳಿ, ನಿಮ್ಮ ಮಗಳು ಸರಿಯಾಗೇ ಕಲೀತಿದಾಳೆ.

ನಲಿಕಲಿಯಲ್ಲಿ ಮೊದಲು ಬರೋ ಅಕ್ಷರಗಳೇ ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಯಾಕೆ ಅಂದ್ರೆ, ಆರು ವರ್ಷದ ಮಗು ಕೈಗೆ ಅ, ಆ, ಇ, ಈ ಬರೆಯೋದು ಸುಲಭ ಅಲ್ಲ. ಒಂದು "ಈ" ತಿದ್ದೋಕೆ ಅದು ಎಷ್ಟು ಒದ್ದಾಡತ್ತೆ ಅಂತ ಸ್ಲೇಟು ಹಿಡಿಸಿದವರಿಗೆಲ್ಲ ಗೊತ್ತು. ರ ಹಾಗಲ್ಲ, ಒಂದು ಸುತ್ತು, ತಲೆಕಟ್ಟು, ಮುಗೀತು. ಅದಕ್ಕಿಂತ ದೊಡ್ಡ ಕಾರಣ ಏನಂದ್ರೆ ವರ್ಣಮಾಲೆಯ ಮೊದಲ ಐದು ಅಕ್ಷರ ಕಲಿತ್ರೂ ಮಗು ಓದೋಕೆ "ಆ", "ಈ" ಬಿಟ್ರೆ ಒಂದು ಪದಾನೂ ಸಿಗಲ್ಲ, ರ, ಗ, ಸ, ದ, ಅ ಕಲಿತ್ರೆ ಸರ, ರಸ, ಅರಸ, ಅಗಸ, ಗರಗಸ, ದಸರ ಎಲ್ಲಾ ಓದಬಹುದು. ಇವತ್ತು ಸಾಯಂಕಾಲ ಮಗಳ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗರಗಸ ಅಂತ ಬರೆದು ಸುಮ್ಮನೆ ಕೂತ್ಕೊಳ್ಳಿ, ನೀವೇನೂ ಹೇಳಿಕೊಡಬೇಡಿ. ಬೆರಳಿಟ್ಟು ಗ... ರ... ಗ... ಸ... ಅಂತ ಬಿಡಿಬಿಡಿಯಾಗಿ ಹೇಳಿ, ಆಮೇಲೆ ಒಂದೇ ಉಸಿರಿಗೆ ಸೇರಿಸಿ ಹೇಳ್ತಾಳಲ್ಲ, ಆಗ ಅವಳ ಮುಖ ನೋಡಿ. ಓದು ಅನ್ನೋದು ಏನು ಅಂತ ಆ ಮಗುಗೆ ಗೊತ್ತಾಗೋದು ಆಗ. ಉಳಿದ ಅಕ್ಷರ, ಕಾಗುಣಿತ, ಒತ್ತಕ್ಷರ ಎಲ್ಲಾ ಮೆಟ್ಟಿಲು ಮೆಟ್ಟಿಲಾಗಿ ಬಂದೇ ಬರತ್ತೆ, ಯಾವುದೂ ಬಿಟ್ಟುಹೋಗಲ್ಲ.

ಇದೇನು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಾಲೆಗಳಲ್ಲಿ ಯುನಿಸೆಫ್ ಸಹಾಯದಿಂದ ಶುರುವಾಯ್ತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ರ ಇರೋ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿ ಬಂದು, ಹಾಡು, ಕಥೆ, ಕಾರ್ಡು ಎಲ್ಲಾ ನಮ್ಮ ಮಕ್ಕಳಿಗೆ ಹೊಂದೋ ಹಾಗೆ ತಾವೇ ಕೂತು ತಯಾರು ಮಾಡಿದ್ರು. 2009-10ರಿಂದ ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಮೇಷ್ಟ್ರುಗಳೇ ಮಾಡಿದ ಪದ್ಧತಿ ಅಂತ ನನಗೆ ಇದರ ಮೇಲೆ ತುಂಬಾ ಪ್ರೀತಿ, ಅದನ್ನ ಮುಚ್ಚಿಡಲ್ಲ.

ಇನ್ನು ನೋಟ್‌ಬುಕ್ ಯಾಕೆ ಖಾಲಿ ಅಂತ. ಆ ಕ್ಲಾಸಲ್ಲಿ ಮಕ್ಕಳು ಬರೆಯೋ ಜಾಗ ಬೇರೆ ಇದೆ. ಗೋಡೆ ಸುತ್ತ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣದ ಹಲಗೆ ಮಾಡಿರ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಭಾಗ. ಮೇಲೆ ನೋಡಿದ್ರೆ ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರ, ಕಾಗದ ಮಡಚಿ ಮಾಡಿದ ದೋಣಿ, ಟೋಪಿ ಎಲ್ಲಾ ನೇತಾಡ್ತಿರತ್ತೆ. ಬೆಳಿಗ್ಗೆ ಬಂದ ತಕ್ಷಣ ಮಗು ತನ್ನ ಹಾಜರಿ ತಾನೇ ಹಾಕತ್ತೆ, ಹೊರಗೆ ಇಣುಕಿ ನೋಡಿ ಇವತ್ತು ಬಿಸಿಲಾ ಮೋಡಾನಾ ಮಳೆನಾ ಅಂತ ಹವಾಮಾನದ ಚಾರ್ಟಲ್ಲಿ ಗುರುತು ಮಾಡತ್ತೆ. ವಾರದ ಕೊನೆಗೆ ಅದನ್ನೇ ನೋಡಿ ಎಷ್ಟು ದಿನ ಮಳೆ ಬಂತು, ಎಷ್ಟು ದಿನ ಬಿಸಿಲು ಅಂತ ಎಣಿಸಿದ್ರೆ ಅದೇ ಗಣಿತ, ಅದೇ ಪರಿಸರ ಅಧ್ಯಯನ. ಹುಣಸೆ ಬೀಜ ಹತ್ತತ್ತರ ಗುಂಪು ಮಾಡಿದ್ದೂ ಅಷ್ಟೇ, ನಾಳೆ ದಶಕ ಬಿಡಿ ಅಂದಾಗ ಆ ಗುಂಪು ಕಣ್ಣ ಮುಂದೆ ಬರತ್ತೆ. ಶನಿವಾರ ಬೆಳಗಿನ ಶಾಲೆ ಬಿಡೋ ಹೊತ್ತಿಗೆ ಹೋಗಿ, ಟೀಚರ್ ಹತ್ರ ಪ್ರಗತಿ ನೋಟ ತೋರಿಸಿ ಅಂತ ಕೇಳಿ. ಮಗಳು ಈ ವಾರ ಯಾವ ಮೆಟ್ಟಿಲಿಂದ ಯಾವ ಮೆಟ್ಟಿಲಿಗೆ ಬಂದ್ಳು ಅಂತ ಅದರಲ್ಲಿ ಕಾಣತ್ತೆ.

ಪ್ರಶ್ನೆ: ಮಗ ಮೂರನೇ ಕ್ಲಾಸು. ಒಂದು ಎರಡು ಮೂರು ಎಲ್ಲಾ ಒಂದೇ ರೂಮಲ್ಲಿ, ಒಬ್ಬರೇ ಟೀಚರ್. ಚಿಕ್ಕ ಮಕ್ಕಳಿಗೆ ಹೇಳಿಕೊಡೋದೇ ಇವನ ಕೆಲಸ ಆಗಿದೆ ಅನ್ಸತ್ತೆ. ಹಿಂದೆ ಬೀಳಲ್ವಾ ಮೇಡಂ?
– ಒಬ್ಬ ತಂದೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಮೂರು ಕ್ಲಾಸು ಒಟ್ಟಿಗೆ ಕೂರಿಸೋದು ಆ ಪದ್ಧತಿಯ ರೀತಿನೇ. ಐದು ಗುಂಪು ಇರತ್ತೆ, ಶಾಲೆಯಲ್ಲಿ ತಟ್ಟೆ ಅಂತಾರೆ. ಮೊದಲನೇ ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿದ್ದು ಹೊಸದು ಹೇಳಿಕೊಡ್ತಾರೆ, ಎರಡನೇದರಲ್ಲಿ ಸ್ವಲ್ಪ ಸಹಾಯ, ಮೂರು ನಾಲ್ಕರಲ್ಲಿ ಗೆಳೆಯರ ಸಹಾಯ, ಐದನೇದರಲ್ಲಿ ಮಗು ಒಂದೇ ಮಾಡ್ಬೇಕು. ಯಾವ ಮೆಟ್ಟಿಲಾದ್ಮೇಲೆ ಯಾವುದು ಅಂತ ತೋರಿಸೋ ಕಲಿಕಾ ಏಣಿ ಗೋಡೆ ಮೇಲಿರತ್ತೆ, ಅದನ್ನ ನೋಡಿ ಮಗುನೇ ತನ್ನ ಮುಂದಿನ ಕಾರ್ಡ್ ಯಾವುದು ಅಂತ ಹುಡುಕಿ ತಗೊಂಡು ಆ ತಟ್ಟೆಗೆ ಹೋಗಿ ಕೂರತ್ತೆ. ನಿಮ್ಮ ಮಗ ಮೂರನೇ ತಟ್ಟೆಯಲ್ಲಿ ಪುಟ್ಟ ಹುಡುಗಿಗೆ ಕೂಡೋ ಲೆಕ್ಕ ಹೇಳಿಕೊಡುವಾಗ "ದಶಕ ಯಾಕೆ ಪಕ್ಕದ ಮನೆಗೆ ಹೋಗತ್ತೆ" ಅಂತ ಅವಳು ಕೇಳಿದ್ರೆ ಉತ್ತರ ಹುಡುಕೋವಾಗ ಅವನಿಗೇ ಅದು ಗಟ್ಟಿಯಾಗತ್ತೆ. ಹಾಗಾಗಿ ಆ ಬಗ್ಗೆ ಚಿಂತೆ ಬೇಡ.

ಚಿಂತೆ ಮಾಡ್ಬೇಕಾದ್ದು ಬೇರೆ ಇದೆ. ಆ ರೂಮಲ್ಲಿ ಎಷ್ಟು ಮಕ್ಕಳಿದಾರೆ, ಟೀಚರ್ ವಾರದಲ್ಲಿ ಎಷ್ಟು ದಿನ ಕ್ಲಾಸಲ್ಲೇ ಇರ್ತಾರೆ ಅಂತ ಮೊದಲು ನೋಡಿ. ನಲಿಕಲಿ ನಿಂತಿರೋದೇ ಟೀಚರ್ ಮೇಲೆ, ಅವರು ಎರಡು ದಿನ ಬೇರೆ ಕೆಲಸಕ್ಕೆ ಹೋದ್ರೆ ಮೊದಲನೇ ತಟ್ಟೆ ಖಾಲಿ, ಹೊಸದು ಕಲಿಸೋರು ಯಾರೂ ಇಲ್ಲ, ಮಕ್ಕಳು ಗೊತ್ತಿರೋ ಕಾರ್ಡನ್ನೇ ತಿರುಗಿಸ್ತಾ ಕೂರ್ತಾವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ, ಒಂದರಿಂದ ಐದರ ತನಕ ಮಕ್ಕಳು ಅರವತ್ತರ ಒಳಗಿದ್ರೂ ಇಬ್ಬರು ಟೀಚರ್ ಇರ್ಬೇಕು, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚೋ ಹಾಗಿಲ್ಲ. ಇದನ್ನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಟೀಚರ್ ಮೇಲೆ ಕೂಗಾಡಬೇಡಿ, ಅವರಿಗೂ ಕ್ಲಾಸಲ್ಲೇ ಇರೋ ಆಸೆ ಇರತ್ತೆ.

ಪ್ರಶ್ನೆ: ಎರಡನೇ ಕ್ಲಾಸಿಗೆ ಹೋಮ್‌ವರ್ಕೇ ಕೊಡಲ್ಲ. ಮನೇಲಿ ಏನು ಮಾಡಿಸಲಿ?
– ಒಬ್ಬ ಅಜ್ಜಿ, ಶಿವಮೊಗ್ಗ

ಉತ್ತರ: ಅಮ್ಮಾ, ಒಂದು ಎರಡನೇ ಕ್ಲಾಸಿಗೆ ಹೋಮ್‌ವರ್ಕ್ ಬೇಡ ಅಂತ ಸರ್ಕಾರದ ಆದೇಶನೇ ಇದೆ, ಶಾಲೆಯವರು ಮಾಡ್ತಿರೋದು ಸರಿ. ನೀವು ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಎಷ್ಟು ಕಾಯಲ್ಲಿ ಮೂರು ಕಾಳು, ಎಷ್ಟರಲ್ಲಿ ನಾಲ್ಕು ಅಂತ ಎಣಿಸಲಿ. ಬಸ್ ಬೋರ್ಡ್, ಅಂಗಡಿ ಹೆಸರು, ಉಪ್ಪಿನ ಪ್ಯಾಕೆಟ್ ಓದಿಸಿ. "ಏನು ಕಲಿತೆ" ಅಂದ್ರೆ ಮಕ್ಕಳು ಏನೂ ಇಲ್ಲ ಅಂತಾವೆ, "ಇವತ್ತು ಯಾವ ಕಾರ್ಡ್, ಯಾರ ಪಕ್ಕ ಕೂತಿದ್ದೆ" ಅಂತ ಕೇಳಿ ನೋಡಿ. ಮತ್ತೆ ನಿಮಗೆ ಬರೋ ಕಥೆ ಹೇಳಿ, ದಿನಾ ಅದೇ ಕಥೆಯಾದ್ರೂ ಪರವಾಗಿಲ್ಲ.

ಪ್ರಶ್ನೆ: ಟೀಚರ್, ನಾನು ಹೊಸದಾಗಿ ಸೇರಿರೋ ಶಿಕ್ಷಕಿ. ನನ್ನ ಕ್ಲಾಸಲ್ಲಿ ತಾಂಡಾದ ಮಕ್ಕಳೇ ಜಾಸ್ತಿ, ಮನೇಲಿ ಲಂಬಾಣಿ ಮಾತು. ಸೋಮವಾರ ಅರ್ಧ ಕ್ಲಾಸು ಬರಲ್ಲ, ಬಂದವರು ಮಾತಾಡಲ್ಲ. ದೀಪಾವಳಿ ಆದ್ಮೇಲೆ ಕಬ್ಬು ಕಡಿಯೋಕೆ ಅಂತ ತಂದೆ ತಾಯಿ ಜೊತೆ ಗುಳೆ ಹೋಗಿಬಿಡ್ತಾವೆ. ವಾರದ ಯೋಜನೆ ಅಂತ ಬರೆದಿಟ್ಟಿದ್ದು ಒಂದೂ ನಡೆಯಲ್ಲ.
– ಕಲಬುರಗಿ ಜಿಲ್ಲೆಯಿಂದ

ಉತ್ತರ: ನೋಡಮ್ಮ, ಮಾತಾಡದ ಮಗುಗೆ ಭಾಷೆ ಇಲ್ಲ ಅಂತಲ್ಲ, ನಿಮ್ಮ ಭಾಷೆ ಇನ್ನೂ ಬಂದಿಲ್ಲ ಅಷ್ಟೇ. ಅವರ ಯಾಡಿ (ಅಮ್ಮ), ಪಾಣಿ (ನೀರು), ಬಾಟಿ (ರೊಟ್ಟಿ) ನಿಮ್ಮ ಬಾಯಲ್ಲಿ ಬರಲಿ. ಒಂದು ಚಾರ್ಟ್ ಮಾಡಿ ಚಪ್ಪರಕ್ಕೆ ಕಟ್ಟಿ, ಚಿತ್ರದ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಯಾಡಿ, ಎರಡೂ ಕನ್ನಡ ಅಕ್ಷರದಲ್ಲೇ. ದಿನಾ ಒಂದು ಹೊಸ ಪದ ಮಕ್ಕಳೇ ನಿಮಗೆ ಕಲಿಸಲಿ, ನೀವು ತಪ್ಪು ಉಚ್ಚಾರ ಮಾಡಿದ್ರೆ ನಗ್ತಾವೆ, ನಗಲಿ, ಹಾಗೆ ನಗೋ ಹೊತ್ತಿಗೇ ಬಾಯಿ ಬಿಡ್ತಾವೆ. ಸೋಮವಾರ ಹೊಸ ಅಕ್ಷರ ಇಟ್ಕೋಬೇಡಿ, ಹಾಡು, ಕಥೆ, ಮಣ್ಣಿನ ಕೆಲಸ ಇಟ್ಕೊಳ್ಳಿ. ಮಂಗಳವಾರ ಬುಧವಾರ ಹಾಜರಿ ತುಂಬಿರೋವಾಗ ಮೊದಲನೇ ತಟ್ಟೆಯ ಕೆಲಸ ಜೋರು ಮಾಡಿ.

ಬೆಳಗಿನ ಹಾಲು, ಮಧ್ಯಾಹ್ನದ ಊಟ ಕೂಡ ನಿಮ್ಮ ವಾರದ ಯೋಜನೆ ಒಳಗೇ ಬರತ್ತೆ. ಬಿಸಿಯೂಟ 2002ರಲ್ಲಿ ಮೊದಲು ಶುರುವಾಗಿದ್ದೇ ನಿಮ್ಮ ಕಡೆ ಜಿಲ್ಲೆಗಳಲ್ಲಿ, ಯಾಕೆ ಅಂತ ನಿಮಗೇ ಗೊತ್ತು. ಖಾಲಿ ಹೊಟ್ಟೆಯಲ್ಲಿ ಬಂದ ಮಗು ಕೈಗೆ ಹಾಲಿನ ಲೋಟ ಕೊಡೋಕೆ ಮುಂಚೆ ಕಾರ್ಡ್ ಕೊಡಬೇಡಿ.

ಗುಳೆ ಹೋಗೋದು ನಿಮ್ಮ ಕೈಲಿಲ್ಲ. ಮಕ್ಕಳನ್ನ ಊರಲ್ಲೇ ಬಿಟ್ಟು ಹೋಗೋಕೆ ಮನೆಯವರು ಒಪ್ಪಿದ್ರೆ ಹತ್ರದಲ್ಲಿ ಋತುಮಾನ ವಸತಿ ಶಾಲೆ ಇದೆಯಾ ಅಂತ ನಿಮ್ಮ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಹತ್ರ ಈಗಲೇ ವಿಚಾರಿಸಿ, ದೀಪಾವಳಿ ತನಕ ಕಾಯಬೇಡಿ. ಹೋಗೇ ಹೋದ ಮಗು ವಾಪಸ್ ಬಂದಾಗ ನಲಿಕಲಿಯ ನಿಜವಾದ ಶಕ್ತಿ ಕಾಣತ್ತೆ. ಪಾಠ ಮುಂದೆ ಓಡಿರೋ ಕ್ಲಾಸಲ್ಲಾದ್ರೆ ಆ ಮಗು ಹಿಂದಿನ ಬೆಂಚಲ್ಲಿ ಸುಮ್ಮನೆ ಕೂರ್ಬೇಕಿತ್ತು, ಇಲ್ಲಿ ಬಿಟ್ಟ ಕಾರ್ಡಿಂದಲೇ ಮತ್ತೆ ಶುರು ಮಾಡಬಹುದು, ಯಾರೂ ಅದನ್ನ ಫೇಲ್ ಅನ್ನಲ್ಲ. ಅದಕ್ಕೆ ನೀವು ಮಾಡ್ಬೇಕಾದ್ದು ಒಂದೇ, ಹೊರಡೋ ಮುಂಚೆ ಒಂದೊಂದು ಮಗುವಿನ ಹೆಸರಿನ ಮುಂದೆ ಕನ್ನಡದಲ್ಲಿ ಯಾವ ಮೆಟ್ಟಿಲು, ಗಣಿತದಲ್ಲಿ ಯಾವ ಮೆಟ್ಟಿಲು ಅಂತ ಪ್ರಗತಿ ನೋಟದಲ್ಲಿ ತಾರೀಖು ಹಾಕಿ ಬರೆದಿಡಿ. ಬೇರೆ ಶಾಲೆಗೆ ಹೋಗ್ತಿದ್ರೆ ಅದೇ ವಿವರ ಒಂದು ಚೀಟಿಯಲ್ಲಿ ಬರೆದು ತಾಯಿ ಕೈಗೆ ಕೊಟ್ಟು, ಅಲ್ಲಿನ ಟೀಚರ್‌ಗೆ ಇದನ್ನ ತೋರಿಸು ಅಂತ ಹೇಳಿ ಕಳಿಸಿ.